ಒಂದು ಬುಡ, ಹಲವು ಕೊಂಬೆ

ಪಶ್ಚಿಮ ಘಟ್ಟದ ತಪ್ಪಲಿನಲ್ಲಿ, ಕರಾವಳಿಯ ಗುಡ್ಡಗಾಡುಗಳಲ್ಲಿ ಕಾಸರಕನ ಮರ ತಾನಾಗಿಯೇ ಬೆಳೆಯುತ್ತದೆ. ಕಾಸರಗೋಡಿಗೆ ಆ ಹೆಸರು ಬಂದದ್ದು ಈ ಮರದಿಂದಲೇ ಎಂದು ಹೇಳುವವರೂ ಉಂಟು. ಕಿತ್ತಳೆಯ ಬಣ್ಣಕ್ಕೆ ತಿರುಗಿದ ಅದರ ದುಂಡು ಹಣ್ಣು ನೋಡಲು ಬಲು ಸೊಗಸು. ಅದರ ತಿರುಳನ್ನು ಮಂಗಟ್ಟೆ ಹಕ್ಕಿ ಸುಖವಾಗಿ ತಿಂದು ಹಾರಿಹೋಗುತ್ತದೆ. ಆದರೆ ಆ ತಿರುಳಿನೊಳಗೆ ಬಿಲ್ಲೆಯಂತೆ ಚಪ್ಪಟೆಯಾಗಿ, ರೇಷ್ಮೆಯಂಥ ನವಿರನ್ನು ಹೊದ್ದು ಮಲಗಿರುವ ಬೀಜವನ್ನು ಅಗಿದವನ ಗತಿಯೇ ಬೇರೆ. ಮೊದಲು ತಾಳಲಾರದ ಕಹಿ. ಸ್ವಲ್ಪ ಹೊತ್ತಿನಲ್ಲಿಯೇ ಮೈಯ ಸ್ನಾಯುಗಳೆಲ್ಲ ಸೆಟೆದುಕೊಂಡು, ಬೆನ್ನು ಬಿಲ್ಲಿನಂತೆ ಬಾಗಿ, ಕೊನೆಗೆ ಉಸಿರಾಟದ ಸ್ನಾಯುಗಳೂ ಬಿಗಿದು ಪ್ರಾಣ ಹೋಗುತ್ತದೆ. ಸ್ನಾಯುಗಳಿಗೆ ‘ಇನ್ನು ಸಾಕು, ಸಡಿಲವಾಗು’ ಎಂದು ಹೇಳುವ ಸಂದೇಶವೊಂದು ಬೆನ್ನುಹುರಿಯಲ್ಲಿ ಸದಾ ನಡೆಯುತ್ತಿರುತ್ತದೆ. ಕಾಸರಕನ ವಿಷ ಆ ಸಂದೇಶದ ಬಾಗಿಲನ್ನೇ ಮುಚ್ಚಿಬಿಡುತ್ತದೆ.

ಆಯುರ್ವೇದವು ಇದನ್ನು ವಿಷಮುಷ್ಟಿ ಎಂದು ಕರೆದು, ಶುದ್ಧಿಮಾಡಿದ ಮೇಲೆ ಮಾತ್ರವೇ ಮದ್ದಿಗೆ ಬಳಸಿತು. ಯೂರೋಪಿನವರು ಇಲಿಪಾಷಾಣವಾಗಿ ಕೊಂಡುಕೊಂಡರು. ಪತ್ತೇದಾರಿ ಕಾದಂಬರಿಗಳ ರಾಣಿ ಅಗಾಥಾ ಕ್ರಿಸ್ಟಿಯ ಮೊತ್ತಮೊದಲ ಕಾದಂಬರಿ 1920ರಲ್ಲಿ ಹೊರಬಂದಾಗ, ಅದರೊಳಗಿನ ಸಿರಿವಂತ ಮುದುಕಿಯ ಕೊಲೆಗೆ ಒದಗಿಬಂದದ್ದೂ ಇದೇ ವಿಷವೇ. ಅದರ ಹೆಸರು ಸ್ಟ್ರಿಕ್ನಿನ್.

ಇನ್ನು ಕಾಡನ್ನು ಬಿಟ್ಟು ಮನೆಯಂಗಳಕ್ಕೆ ಬಂದರೆ, ಅಲ್ಲಿ ವರ್ಷವಿಡೀ ಗುಲಾಬಿ ಬಣ್ಣದ ಹೂ ಬಿಡುತ್ತ ನಿಂತಿರುವ ಸದಾಪುಷ್ಪದ ಗಿಡವನ್ನು ಕಾಣದವರಾರು? ಮಕ್ಕಳ ರಕ್ತದ ಕ್ಯಾನ್ಸರಿಗೆ ಕೊಡುವ ವಿನ್‌ಕ್ರಿಸ್ಟಿನ್, ಹಾಗೂ ಅದರ ಜೊತೆಗಾರ ವಿನ್‌ಬ್ಲಾಸ್ಟಿನ್ ಹುಟ್ಟುವುದು ಅದರ ಎಲೆಯಲ್ಲಿ. ಸರ್ಪಗಂಧದ ಬೇರಿನಲ್ಲಿ ರಕ್ತದ ಒತ್ತಡವನ್ನು ಇಳಿಸುವ ರಿಸರ್ಪಿನ್ ಇದೆ. ಸಿಂಕೋನದ ತೊಗಟೆಯಲ್ಲಿ ಚಳಿಜ್ವರಕ್ಕೆ ಮದ್ದಾದ ಕ್ವಿನೀನ್ ಇದೆ. ಒಂದು ಕೊಲ್ಲುವ ವಿಷ, ಒಂದು ಕ್ಯಾನ್ಸರಿನ ಮದ್ದು, ಒಂದು ರಕ್ತದೊತ್ತಡದ್ದು, ಒಂದು ಜ್ವರದ್ದು. ಗುಣದಲ್ಲಿ ಒಂದಕ್ಕೊಂದು ಸಂಬಂಧವಿಲ್ಲದ ಈ ನಾಲ್ಕೂ ವಸ್ತುಗಳು ರಸಾಯನಶಾಸ್ತ್ರದ ದೃಷ್ಟಿಯಲ್ಲಿ ಒಂದೇ ಮನೆತನದ ದಾಯಾದಿಗಳು ಎಂದರೆ ನಂಬುವುದು ಕಷ್ಟ. ಆದರೆ ನಿಜ. ಆ ಮನೆತನದ ಮೂಲಪುರುಷನನ್ನು ಹಿಡಿದರೆ ಮಕ್ಕಳು ಮೊಮ್ಮಕ್ಕಳೆಲ್ಲ ಕೈಗೆ ಸಿಗುವರೆಂಬ ಸರಳ ಸಂಗತಿಯನ್ನು ಮನುಷ್ಯ ಪ್ರಯೋಗಶಾಲೆಯಲ್ಲಿ ಅಳವಡಿಸಿಕೊಳ್ಳಲು ಎಷ್ಟು ಕಾಲ ಹಿಡಿಯಿತು ಎಂಬುದೇ ಇಲ್ಲಿನ ಕಥೆ.

ಕೋಟಿಯಲ್ಲಿ ಆರು

ಪ್ಯಾರಿಸಿನ ಪೆಲ್ಲೆಟಿಯೆ ಮತ್ತು ಕಾವಂತೂ ಎಂಬ ಜೋಡಿ 1818ರಲ್ಲಿ ಸ್ಟ್ರಿಕ್ನಿನ್ನನ್ನು ಬೇರ್ಪಡಿಸಿ ಶುದ್ಧ ಹರಳಿನ ರೂಪದಲ್ಲಿ ಪಡೆಯಿತು. ಎರಡೇ ವರ್ಷದ ಮೇಲೆ, 1820ರಲ್ಲಿ, ಕ್ವಿನೀನನ್ನು ಹೊರತೆಗೆದದ್ದೂ ಇದೇ ಜೋಡಿ. ಹೊರತೆಗೆದದ್ದೇನೋ ಆಯಿತು, ಆದರೆ ಹರಳಿನೊಳಗಿರುವ ಅಣುವಿನ ಆಕಾರವೇನು? ಅದರಲ್ಲಿ 21 ಇಂಗಾಲ, 22 ಜಲಜನಕ, 2 ಸಾರಜನಕ, 2 ಆಮ್ಲಜನಕದ ಪರಮಾಣುಗಳಿವೆ, ಒಟ್ಟು 47. ಇಷ್ಟೇ ಪರಮಾಣುಗಳು ಏಳು ಉಂಗುರಗಳಾಗಿ ಒಂದರೊಳಗೊಂದು ಹೆಣೆದುಕೊಂಡು ಕುಳಿತಿವೆ. ಈ ಗಂಟನ್ನು ಬಿಡಿಸಲು ಮೂರು ನಾಲ್ಕು ತಲೆಮಾರುಗಳ ರಸಾಯನಶಾಸ್ತ್ರಜ್ಞರು ಹೆಣಗಿದರು. ಕಟ್ಟಕಡೆಗೆ 1946ರಲ್ಲಿ ಆಕ್ಸ್‌ಫರ್ಡಿನ ಸರ್ ರಾಬರ್ಟ್ ರಾಬಿನ್‌ಸನ್ನರು ಸರಿಯಾದ ವಿನ್ಯಾಸವನ್ನು ಮುಂದಿಟ್ಟರು. ಹರಳು ದೊರೆತ ಮೇಲೆ ನೂರ ಇಪ್ಪತ್ತೆಂಟು ವರ್ಷ!

ಆಕಾರ ತಿಳಿದಮೇಲೆ ಕಟ್ಟಿ ತೋರಿಸುವ ಹಂಬಲ ಸಹಜವಷ್ಟೆ. ಗಿಡದ ಸಹಾಯವಿಲ್ಲದೆ, ಕಲ್ಲಿದ್ದಲು ಡಾಂಬರಿನಿಂದಲೋ ಕಲ್ಲೆಣ್ಣೆಯಿಂದಲೋ ದೊರೆಯುವ ಸಾಧಾರಣ ವಸ್ತುಗಳಿಂದ ಹೊರಟು, ಒಂದೊಂದೇ ಬಂಧವನ್ನು ಜೋಡಿಸುತ್ತ, ಗಿಡ ಮಾಡಿದ ಅಣುವನ್ನು ಹಾಗೆ ಹಾಗೆಯೇ ನಿರ್ಮಿಸುವುದಕ್ಕೆ ಸಮಗ್ರ ಸಂಶ್ಲೇಷಣೆ ಎಂದು ಹೆಸರು. ಈ ವಿದ್ಯೆಯಲ್ಲಿ ಇಪ್ಪತ್ತನೆಯ ಶತಮಾನದ ಮಹಾಶಿಲ್ಪಿ ಎನಿಸಿಕೊಂಡವರು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದ ರಾಬರ್ಟ್ ಬರ್ನ್ಸ್ ವುಡ್‌ವರ್ಡ್. ಇಪ್ಪತ್ತನೆಯ ವಯಸ್ಸಿಗೇ ಡಾಕ್ಟರೇಟ್ ಪಡೆದ ಮೇಧಾವಿ. ನೀಲಿ ಬಣ್ಣವೆಂದರೆ ಪ್ರಾಣ, ಕೊರಳಿಗೆ ಕಟ್ಟುವ ಟೈ ಕೂಡ ನೀಲಿಯೇ. 1954ರಲ್ಲಿ ವುಡ್‌ವರ್ಡರು ಸ್ಟ್ರಿಕ್ನಿನ್ನನ್ನು ಕಟ್ಟಿದರು. ಎರಡು ವರ್ಷಗಳ ಮೇಲೆ ಸರ್ಪಗಂಧದ ರಿಸರ್ಪಿನ್ನನ್ನೂ ಕಟ್ಟಿದರು. 1965ರಲ್ಲಿ ನೊಬೆಲ್ ಪಾರಿತೋಷಕ ಬಂದಿತು.

ಸ್ಟ್ರಿಕ್ನಿನ್ನಿನ ಆ ಮೊದಲ ಸಂಶ್ಲೇಷಣೆಗೆ ಹಿಡಿದದ್ದು 29 ಹಂತಗಳು. ಕೊನೆಯಲ್ಲಿ ಕೈಗೆ ಬಂದದ್ದೆಷ್ಟು? ಶೇಕಡಾ 0.00006. ಈ ಸೊನ್ನೆಗಳ ಸಾಲು ಕಣ್ಣಿಗೆ ಕಟ್ಟಬೇಕಾದರೆ ಹೀಗೆ ಹೇಳಬಹುದು: ಒಂದು ಕೋಟಿ ಅಣುಗಳು ಯಾತ್ರೆ ಹೊರಟರೆ ಗುಡಿಯ ಬಾಗಿಲಿಗೆ ತಲಪಿದವು ಆರು.

ಇದರಿಂದ ವುಡ್‌ವರ್ಡರ ಕೈಚಳಕಕ್ಕೆ ಕುಂದು ಬರುವುದಿಲ್ಲ. ಅಂದಿನ ಉಪಕರಣಗಳನ್ನೂ ವಿಧಾನಗಳನ್ನೂ ಬಲ್ಲವರು ಆ ಆರು ಅಣುಗಳಿಗೂ ಕೈಮುಗಿಯುತ್ತಾರೆ. ದೋಷವಿರುವುದು ಗಣಿತದಲ್ಲಿ. ಒಂದು ಹಂತದಲ್ಲಿ ಹಾಕಿದ ಸರಕಿನ ನೂರಕ್ಕೆ 80 ಪಾಲು ಕೈಗೆ ಬಂದರೆ ಯಾವ ರಸಾಯನಶಾಸ್ತ್ರಜ್ಞನೂ ಸಂತೋಷಪಡುವನು. ಆದರೆ ಎಲ್ಲ ಹಂತದಲ್ಲೂ ಅದೇ ಅದೃಷ್ಟವಿದ್ದರೂ, ಹತ್ತು ಹಂತ ಕಳೆದಾಗ ಉಳಿಯುವುದು ನೂರಕ್ಕೆ 11. ಇಪ್ಪತ್ತು ಹಂತ ಕಳೆದಾಗ ಒಂದಕ್ಕಿಂತ ತುಸು ಹೆಚ್ಚು. ಇಪ್ಪತ್ತೊಂಬತ್ತನೆಯದರ ಹೊತ್ತಿಗೆ ಸಾವಿರಕ್ಕೆ ಒಂದೂವರೆ. ಹಾಲನ್ನು ಪಾತ್ರೆಯಿಂದ ಪಾತ್ರೆಗೆ ಬಗ್ಗಿಸಿದಷ್ಟೂ ಒಂದಿಷ್ಟು ಪಾತ್ರೆಗೇ ಅಂಟಿಕೊಂಡು ಉಳಿಯುವಂತೆ.

ಇಷ್ಟೆಲ್ಲ ಪಟ್ಟಪಾಡು ಒಂದು ಅಣುವಿಗೆ. ಮುಂದಿನ ಅಣು ಬೇಕಾದರೆ ಮತ್ತೆ ಮೊದಲಿನಿಂದ ಹೊಸ ದಾರಿ, ಹೊಸ ನಷ್ಟ. ವುಡ್‌ವರ್ಡರೂ ಜೂರಿಚ್ಚಿನ ಎಶೆನ್‌ಮೋಸರರೂ ಸೇರಿ 1972ರಲ್ಲಿ ಜೀವಸತ್ವ ಬಿ12ರ ನಿರ್ಮಾಣವನ್ನು ಮುಗಿಸಿದಾಗ, ಆ ಒಂದೇ ಅಣುವಿನ ಹಿಂದೆ ಸುಮಾರು ನೂರು ಮಂದಿ ತರುಣ ಸಂಶೋಧಕರ ಹತ್ತು ವರ್ಷಕ್ಕೂ ಮೀರಿದ ದುಡಿಮೆಯಿತ್ತು. ಹಿಮಾಲಯದ ಒಂದೊಂದು ಶಿಖರವನ್ನು ಹತ್ತಲೂ ಪ್ರತಿಬಾರಿ ಸಮುದ್ರತೀರದಿಂದಲೇ ನಡೆದು ಹೊರಟಂತಾಯಿತು. ನಡುವೆ ಎತ್ತರದಲ್ಲಿ ಒಂದು ಬಿಡಾರ ಹೂಡಿ, ಅಲ್ಲಿಂದ ನಾಲ್ಕು ಶಿಖರಗಳಿಗೂ ದಾರಿ ಮಾಡಬಾರದೇಕೆ?

ಕನ್ನಡನಾಡಿನ ಗೃಹಿಣಿಯರಿಗೆ ಇದನ್ನು ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ರಾತ್ರಿ ಒಮ್ಮೆ ಅಕ್ಕಿ ಉದ್ದು ರುಬ್ಬಿಟ್ಟರೆ ಬೆಳಿಗ್ಗೆ ಇಡ್ಲಿ, ಸಂಜೆ ದೋಸೆ, ಮರುದಿನ ಪಡ್ಡು. (ಇಡ್ಲಿಯ ಹಿಟ್ಟೇ ಬೇರೆ, ದೋಸೆಯ ಹಿಟ್ಟೇ ಬೇರೆ ಎಂದು ವಾದಿಸುವ ಅಜ್ಜಿಯರು ಕ್ಷಮಿಸಬೇಕು.) ಮೂರು ತಿಂಡಿಗೆ ಮೂರು ಬಾರಿ ನೆನೆಸಿ ಮೂರು ಬಾರಿ ರುಬ್ಬುವ ಹೆಂಗಸನ್ನು ನೆರೆಹೊರೆಯವರು ನೋಡಿ ನಗುತ್ತಾರೆ. ಪ್ರಯೋಗಶಾಲೆಗಳು ಮಾತ್ರ ಬಹುಕಾಲ ಹಾಗೆಯೇ ರುಬ್ಬಿದವು.

ಗಿಡದ ಅಡಿಗೆಮನೆ

ಗಿಡ ಹಾಗೆ ಮಾಡುವುದಿಲ್ಲ. ಕಾಸರಕ, ಸದಾಪುಷ್ಪ, ಸರ್ಪಗಂಧ, ಸಿಂಕೋನ ಇವೆಲ್ಲವೂ ಮೊದಲು ಎರಡು ಮಾಮೂಲಿ ಸರಕುಗಳನ್ನು ಅಣಿಮಾಡಿಕೊಳ್ಳುತ್ತವೆ. ಒಂದು, ಆಹಾರದ ಸಸಾರಜನಕದಲ್ಲಿ ಕಾಣುವ ಟ್ರಿಪ್ಟೊಫ್ಯಾನಿನಿಂದ ಹುಟ್ಟಿದ ಟ್ರಿಪ್ಟಮೀನ್. ಇನ್ನೊಂದು, ಸಕ್ಕರೆಯನ್ನು ಬೆನ್ನಿಗೆ ಕಟ್ಟಿಕೊಂಡಿರುವ ಸೆಕೊಲೊಗಾನಿನ್ ಎಂಬ ವಸ್ತು. ಗಿಡದೊಳಗಿನ ಒಂದು ಕಿಣ್ವ ಇವೆರಡನ್ನೂ ಕೂಡಿಸಿ ಸ್ಟ್ರಿಕ್ಟೊಸಿಡಿನ್ ಎಂಬ ಅಣುವನ್ನು ಮಾಡುತ್ತದೆ. ಇದೇ ಆ ಮನೆತನದ ಮೂಲಪುರುಷ. ಇಲ್ಲಿಂದ ದಾರಿ ಕವಲೊಡೆಯುತ್ತದೆ. ಒಂದು ಕವಲು ಸ್ಟ್ರಿಕ್ನಿನ್ನಿಗೆ, ಒಂದು ವಿನ್‌ಬ್ಲಾಸ್ಟಿನ್ನಿಗೆ, ಒಂದು ರಿಸರ್ಪಿನ್ನಿಗೆ, ಒಂದು ಕ್ವಿನೀನಿಗೆ. ಈ ಒಂದೇ ಬುಡದಿಂದ ಬೇರೆ ಬೇರೆ ಗಿಡಗಳು ಮಾಡಿಕೊಂಡಿರುವ ವಸ್ತುಗಳ ಸಂಖ್ಯೆ ಸುಮಾರು ಮೂರು ಸಾವಿರ.

ಗಿಡವನ್ನು ನೋಡಿ ಕಲಿಯಬೇಕೆಂಬ ಮಾತು ಅಷ್ಟೇನೂ ಹೊಸದಲ್ಲ. ಅದೇ ರಾಬಿನ್‌ಸನ್ನರು, ಇನ್ನೂ ತರುಣರಾಗಿದ್ದಾಗ, 1917ರಲ್ಲಿ, ಸಕ್ಸಿನ್‌ಡಯಾಲ್ಡಿಹೈಡ್ ಎಂಬ ನಾಲ್ಕು ಇಂಗಾಲದ ಸಾಧಾರಣ ವಸ್ತುವನ್ನು ಇನ್ನೆರಡು ವಸ್ತುಗಳೊಡನೆ ನೀರಿನಲ್ಲಿ ಬೆರೆಸಿ, ಒಂದೇ ಪಾತ್ರೆಯಲ್ಲಿ, ಟ್ರೋಪಿನೋನ್ ಎಂಬ ಜಟಿಲವಾದ ಅಣುವನ್ನು ಪಡೆದಿದ್ದರು. ಜರ್ಮನಿಯ ವಿಲ್‌ಸ್ಟೆಟರ್ ಹಿಂದೆ ಬಲು ಉದ್ದದ ದಾರಿ ನಡೆದು ತಲಪಿದ್ದ ಅಣು ಅದು. ಕಣ್ಣಿನ ವೈದ್ಯರು ಬಳಸುವ ಅಟ್ರೊಪಿನ್ ಮತ್ತು ಕುಪ್ರಸಿದ್ಧವಾದ ಕೊಕೇನ್ ಇವೆರಡರ ಹೊಟ್ಟೆಯಲ್ಲಿಯೂ ಇರುವುದು ಅದೇ ಚೌಕಟ್ಟು. ಸಕ್ಸಿನ್‌ಡಯಾಲ್ಡಿಹೈಡಿನ ಹೆಸರು ಬಾಯಿ ತಿರುಗದಂಥದು. ಆದರೂ ವಾಚಕರು ಅದನ್ನು ಸ್ವಲ್ಪ ನೆನಪಿನಲ್ಲಿಡಬೇಕು. ತೊಂಬತ್ತೈದು ವರ್ಷಗಳ ಮೇಲೆ ಅದು ಮತ್ತೆ ರಂಗಕ್ಕೆ ಬರಲಿದೆ.

ಒಂದು ತೊಟ್ಟು ಕಣ್ಣೌಷಧ

ಕವಲಿನ ಉಪಾಯ ಜನರ ಬದುಕಿಗೆ ನೇರವಾಗಿ ಒದಗಿದ್ದು ಗಿಡದ ವಸ್ತುವಿನಲ್ಲಲ್ಲ, ಮನುಷ್ಯದೇಹದ್ದೇ ಒಂದು ವಸ್ತುವಿನಲ್ಲಿ. ಪ್ರೋಸ್ಟಗ್ಲ್ಯಾಂಡಿನ್‌ಗಳೆಂಬ ಗುಂಪೊಂದುಂಟು. ದೇಹದ ಹೆಚ್ಚುಕಡಮೆ ಎಲ್ಲ ಅಂಗಗಳೂ ಅವನ್ನು ಅತಿ ಸ್ವಲ್ಪ ಪ್ರಮಾಣದಲ್ಲಿ, ಬೇಕಾದಾಗ ಬೇಕಾದಷ್ಟು, ಮಾಡಿಕೊಳ್ಳುತ್ತವೆ. ಜ್ವರ ಬರಿಸುವುದು, ನೋವು ಹೆಚ್ಚಿಸುವುದು, ಹೆರಿಗೆಯ ವೇಳೆ ಗರ್ಭಕೋಶವನ್ನು ಸಂಕುಚಿಸುವುದು, ಕಣ್ಣಿನ ಒಳ ಒತ್ತಡವನ್ನು ಇಳಿಸುವುದು—ಒಂದೊಂದಕ್ಕೆ ಒಂದೊಂದು ಕೆಲಸ. ಆಸ್ಪಿರಿನ್ ನುಂಗಿದಾಗ ಜ್ವರ ಇಳಿಯುವುದೇಕೆಂದರೆ ಅದು ಈ ವಸ್ತುಗಳ ತಯಾರಿಕೆಯನ್ನು ತಡೆಯುತ್ತದೆ.

ಇವನ್ನು ಮದ್ದಾಗಿ ಪರೀಕ್ಷಿಸಲು ವೈದ್ಯರಿಗೆ ಆತುರ. ಆದರೆ ಸರಕು ಎಲ್ಲಿದೆ? ಸ್ವೀಡನ್ನಿನ ಬರ್ಗ್‌ಸ್ಟ್ರೋಮರು ಕುರಿಗಳ ಗ್ರಂಥಿಗಳನ್ನು ರಾಶಿರಾಶಿಯಾಗಿ ತರಿಸಿ, ಅರೆದು, ಅವುಗಳಿಂದ ಚಿಟಿಕೆಯಷ್ಟನ್ನು ಪಡೆದಿದ್ದರು. 1969ರಲ್ಲಿ ಫ್ಲಾರಿಡಾದ ಕಡಲಿನ ಒಂದು ಬಗೆಯ ಹವಳದಲ್ಲಿ ಪ್ರೋಸ್ಟಗ್ಲ್ಯಾಂಡಿನ್ ಹೇರಳವಾಗಿದೆಯೆಂದು ತಿಳಿದಾಗ ಔಷಧ ಕಂಪೆನಿಯವರ ದೃಷ್ಟಿ ಹವಳದ ದಿಬ್ಬಗಳ ಮೇಲೆ ಬಿತ್ತು. ಕುರಿಗಳಾಯಿತು, ಇನ್ನು ಹವಳದ ಸರದಿ!

ಅದೇ 1969ರಲ್ಲಿ ಹಾರ್ವರ್ಡಿನ ಇನ್ನೊಬ್ಬ ಮಹಾನುಭಾವ, ಎಲಿಯಾಸ್ ಜೇಮ್ಸ್ ಕೋರಿ, ಬೇರೊಂದು ದಾರಿ ತೋರಿಸಿದರು. ಕೋರಿಯವರು ಹಿಂದುಮುಂದಾಗಿ ಯೋಚಿಸುವುದನ್ನೇ ಒಂದು ಶಾಸ್ತ್ರವಾಗಿ ಬೆಳೆಸಿದವರು. ಇಂಥ ಅಣು ಬೇಕು ಎಂದರೆ, ಅದನ್ನು ಮನಸ್ಸಿನಲ್ಲಿಯೇ ಒಂದೊಂದು ಕೀಲು ಕಳಚುತ್ತ, ಕೊನೆಗೆ ಅಂಗಡಿಯಲ್ಲಿ ಸಿಗುವ ಸರಕಿನವರೆಗೂ ಹಿಂದೆ ಹಿಂದೆ ನಡೆಯುವುದು. ಅನಂತರ ಅದೇ ದಾರಿಯಲ್ಲಿ ಮುಂದಕ್ಕೆ ಬರುವುದು. ಹೀಗೆ ಪ್ರೋಸ್ಟಗ್ಲ್ಯಾಂಡಿನ್‌ಗಳನ್ನು ಕಳಚಿ ನೋಡಿದಾಗ ಎಲ್ಲವುಗಳ ನಡುವೆಯೂ ಐದು ಇಂಗಾಲದ ಒಂದು ಉಂಗುರ, ಅದಕ್ಕೆ ಅಂಟಿದ ಎರಡು ಬಾಲಗಳು ಕಂಡುಬಂದವು. ವ್ಯತ್ಯಾಸವಿರುವುದು ಹೆಚ್ಚಾಗಿ ಬಾಲಗಳಲ್ಲಿ, ಮತ್ತು ಉಂಗುರದ ಒಂದೆರಡು ಮೂಲೆಗಳಲ್ಲಿ. ಸರಿ, ಬಾಲಗಳನ್ನು ಸಿಕ್ಕಿಸಲು ಎರಡು ಕೊಂಡಿಗಳಿರುವ ಉಂಗುರವನ್ನಷ್ಟೆ ಮೊದಲು ಮಾಡಿಟ್ಟುಕೊಂಡರಾಯಿತು! ಇಂದಿಗೂ ಪಠ್ಯಪುಸ್ತಕಗಳಲ್ಲಿ ‘ಕೋರಿ ಲ್ಯಾಕ್ಟೋನ್’ ಎಂದು ಕರೆಯಿಸಿಕೊಳ್ಳುವ ಈ ಮಧ್ಯವಸ್ತುವಿನಿಂದ ಯಾವ ಬಾಲ ಬೇಕೋ ಆ ಬಾಲ ಸೇರಿಸಿ ಯಾವ ಪ್ರೋಸ್ಟಗ್ಲ್ಯಾಂಡಿನ್ ಬೇಕೋ ಅದನ್ನು ಪಡೆಯಬಹುದಾಯಿತು. ಪ್ರಕೃತಿ ಮಾಡದ ಬಾಲಗಳನ್ನೂ ಜೋಡಿಸಬಹುದಾಯಿತು. ಅದೇ ಇದರ ಹೆಚ್ಚುಗಾರಿಕೆ.

ಬಾಣಂತಿಯ ರಕ್ತಸ್ರಾವ ನಿಲ್ಲದಿರುವಾಗ ವೈದ್ಯರು ಕೊಡುವ ಕಾರ್ಬೊಪ್ರೋಸ್ಟ್ ಎಂಬ ಚುಚ್ಚುಮದ್ದು ಹೀಗೆ ಅಲ್ಪ ಬದಲಾವಣೆ ಹೊಂದಿದ ಪ್ರೋಸ್ಟಗ್ಲ್ಯಾಂಡಿನ್ನೇ. ಕಣ್ಣಿನ ಒತ್ತಡ ಏರಿ, ನೋವಿಲ್ಲದೆ, ಸುಳಿವಿಲ್ಲದೆ ದೃಷ್ಟಿಯನ್ನು ಕದಿಯುವ ಗ್ಲಾಕೋಮಕ್ಕೆ 1996ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಲ್ಯಾಟನೊಪ್ರೋಸ್ಟ್ ಕೂಡ ಈ ಮನೆತನದ್ದೇ. ರಾತ್ರಿ ಮಲಗುವ ಮುನ್ನ ಕಣ್ಣಿಗೊಂದು ತೊಟ್ಟು. ಔಷಧದಂಗಡಿಯಲ್ಲಿ ಸಿಗುವ ಎರಡೂವರೆ ಮಿಲಿಲೀಟರಿನ ಪುಟ್ಟ ಸೀಸೆಯಲ್ಲಿರುವ ಮದ್ದಿನ ತೂಕ 125 ಮೈಕ್ರೋಗ್ರಾಂ, ಅಂದರೆ ಒಂದು ಮಿಲಿಗ್ರಾಂನ ಎಂಟನೆಯ ಒಂದು ಪಾಲು. ಅಷ್ಟನ್ನು ನಂಬಿ ಎಷ್ಟೋ ಮನೆಗಳಲ್ಲಿ ಹಿರಿಯರು ಬೆಳಗಿನ ಪತ್ರಿಕೆಯನ್ನು ಓದುತ್ತಿದ್ದಾರೆ.

ಕೋರಿಯವರಿಗೆ 1990ರಲ್ಲಿ ನೊಬೆಲ್ ಬಂದಿತು. ಅವರ ಮಾರ್ಗದಲ್ಲಿ ಪ್ರೋಸ್ಟಗ್ಲ್ಯಾಂಡಿನ್ ತಲಪಲು 17 ಹಂತಗಳು ಬೇಕಾಗಿದ್ದವು. 2012ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ವಿಶ್ವವಿದ್ಯಾನಿಲಯದಲ್ಲಿ, ಉತ್ತರ ಭಾರತದಲ್ಲಿ ಹುಟ್ಟಿದ ವರೀಂದರ್ ಅಗರ್‌ವಾಲ್ ಮತ್ತು ಅವರ ಸಂಗಡಿಗರು ಅದನ್ನು ಏಳು ಹಂತಕ್ಕೆ ಇಳಿಸಿದರು. ಅವರು ಹೊರಟದ್ದು ಯಾವ ವಸ್ತುವಿನಿಂದ? ರಾಬಿನ್‌ಸನ್ನರು 1917ರಲ್ಲಿ ಬಳಸಿದ್ದ ಅದೇ ಸಕ್ಸಿನ್‌ಡಯಾಲ್ಡಿಹೈಡಿನಿಂದ! ಅದರ ಎರಡು ಅಣುಗಳನ್ನು ಪ್ರೋಲಿನ್ ಎಂಬ ಸಾಮಾನ್ಯ ಅಮೈನೋ ಆಮ್ಲದ ನೆರವಿನಿಂದ ಒಂದಕ್ಕೊಂದು ಬೆಸೆದಾಗ ಎರಡು ಉಂಗುರಗಳುಳ್ಳ ಮಧ್ಯವಸ್ತು ಸಿದ್ಧವಾಯಿತು. ಮುಂದೆ ಬಾಲ ಸೇರಿಸುವ ಕೆಲಸವಷ್ಟೆ. ಅದೇ ಕವಲಿನಿಂದ ಲ್ಯಾಟನೊಪ್ರೋಸ್ಟಿಗೂ ದಾರಿಯಾಯಿತು.

ಆರು ಕೊಂಬೆ

ಮತ್ತೆ ಕಾಸರಕನ ಕಡೆಗೆ ಹೊರಳೋಣ. ವುಡ್‌ವರ್ಡರ ಬಳಿಕ ಇನ್ನೊಬ್ಬರು ಸ್ಟ್ರಿಕ್ನಿನ್ನನ್ನು ಕಟ್ಟಲು 1992ರ ತನಕ, ಎಂದರೆ ಮೂವತ್ತೆಂಟು ವರ್ಷ, ಕಾಯಬೇಕಾಯಿತು. ಆಮೇಲೆ ಹಲವರು ಕಟ್ಟಿದರು, ದಾರಿಯೂ ಮೊಟಕಾಯಿತು. ಆದರೆ ಬಹುಪಾಲು ಎಲ್ಲರೂ ಗುರಿಯಿಟ್ಟದ್ದು ಒಂದೇ ಶಿಖರಕ್ಕೆ. 2011ರಲ್ಲಿ ಅಮೆರಿಕದ ಪ್ರಿನ್ಸ್‌ಟನ್ನಿನಲ್ಲಿ ಡೇವಿಡ್ ಮ್ಯಾಕ್‌ಮಿಲನ್ನರ ತಂಡ ಇಡೀ ಬೆಟ್ಟದ ಸಾಲನ್ನೇ ನೋಡಿ ಯೋಜನೆ ಹಾಕಿತು.

ಅವರ ಉಪಾಯವನ್ನು ತಿಳಿಯಲು ಒಂದು ಮಾತು ಅಗತ್ಯ. ಜೀವವಸ್ತುಗಳ ಅಣುಗಳಲ್ಲಿ ಎಡಗೈ ಬಲಗೈ ಎಂಬ ಭೇದವುಂಟು. ಎರಡು ಪಾದರಕ್ಷೆಗಳು ಅಳತೆಯಲ್ಲಿ ಒಂದೇ ಆದರೂ ಬಲಗಾಲಿನದು ಎಡಗಾಲಿಗೆ ಹಿಡಿಯದಲ್ಲವೆ? ಹಾಗೆಯೇ ಇಲ್ಲಿಯೂ. ಗಿಡ ಒಂದೇ ಕೈಯ ಅಣುವನ್ನು ಮಾಡುತ್ತದೆ; ಪ್ರಯೋಗಶಾಲೆಯ ಸಾಧಾರಣ ಕ್ರಿಯೆಗಳಲ್ಲಿ ಎರಡೂ ಸಮಸಮನಾಗಿ ಹುಟ್ಟಿ ಅರ್ಧ ಸರಕು ದಂಡವಾಗುತ್ತದೆ. ಗಿಡಕ್ಕೆ ಕಿಣ್ವಗಳ ಬಲವಿದೆ. ಮ್ಯಾಕ್‌ಮಿಲನ್ನರೂ ಜರ್ಮನಿಯ ಬೆನ್ಯಾಮಿನ್ ಲಿಸ್ಟರೂ 2000ದಲ್ಲಿ, ಬೇರೆಬೇರೆಯಾಗಿ, ಕಿಣ್ವದಂಥ ದೈತ್ಯವಾಗಲಿ ಬೆಲೆಬಾಳುವ ಲೋಹವಾಗಲಿ ಬೇಡ, ಪುಟ್ಟದೊಂದು ಸಾವಯವ ಅಣುವೇ ಬೇಕಾದ ಕೈಯನ್ನು ಆರಿಸಿಕೊಡಬಲ್ಲದು ಎಂದು ತೋರಿಸಿದರು. ಬ್ರಿಸ್ಟಲಿನಲ್ಲಿ ಬಳಸಿದ ಪ್ರೋಲಿನ್ ಲಿಸ್ಟರು ಪ್ರಚಾರಕ್ಕೆ ತಂದದ್ದೇ. ಇವರಿಬ್ಬರೂ 2021ರ ನೊಬೆಲನ್ನು ಹಂಚಿಕೊಂಡರು.

ಪ್ರಿನ್ಸ್‌ಟನ್ನಿನಲ್ಲಿ ಟ್ರಿಪ್ಟಮೀನಿನ ಬಂಧುವೊಂದನ್ನು ಮೂರು ಇಂಗಾಲದ ಪ್ರೊಪಿನಾಲ್ ಎಂಬ ವಸ್ತುವಿನೊಡನೆ, ಆ ಪುಟ್ಟ ವೇಗವರ್ಧಕದ ಸಮ್ಮುಖದಲ್ಲಿ ಕೂಡಿಸಲಾಯಿತು. ಸಾಲಾಗಿ ನಿಲ್ಲಿಸಿದ ಇಟ್ಟಿಗೆಗಳಲ್ಲಿ ಮೊದಲನೆಯದನ್ನು ತಳ್ಳಿದರೆ ಮಿಕ್ಕವು ತಾವಾಗಿ ಬೀಳುವಂತೆ, ಒಂದು ಉಂಗುರ ಮುಚ್ಚಿಕೊಂಡಿತು. ಅದರಿಂದ ಕೆರಳಿ ಒಂದು ತುಣುಕು ಕಳಚಿಬಿತ್ತು. ಅದರ ಫಲವಾಗಿ ಇನ್ನೊಂದು ಉಂಗುರ ಮುಚ್ಚಿಕೊಂಡಿತು. ನಡುವೆ ಪಾತ್ರೆಯ ಬಾಯಿ ತೆರೆಯಬೇಕಾಗಿಲ್ಲ, ಶುದ್ಧಿಮಾಡಿ ಸುರಿಯಬೇಕಾಗಿಲ್ಲ. ಕೊನೆಗೆ ದೊರೆತದ್ದು ನಾಲ್ಕು ಉಂಗುರಗಳ, ಒಂದೇ ಕೈಯ ಮಧ್ಯವಸ್ತು. ಇದು ಕವಲಿನ ಬುಡ. ಇಲ್ಲಿಂದ ಆರು ದಾರಿಗಳಲ್ಲಿ ಹೋಗಿ ಸ್ಟ್ರಿಕ್ನಿನ್, ಅಕ್ವಾಮಿಸಿನ್, ಆಸ್ಪಿಡೊಸ್ಪರ್ಮಿಡಿನ್, ವಿಂಕಾಡಿಫಾರ್ಮಿನ್, ಕಾಪ್ಸಿನಿನ್, ಕಾಪ್ಸನೋನ್ ಎಂಬ ಆರು ಸಸ್ಯವಸ್ತುಗಳನ್ನು ತಂಡ ನಿರ್ಮಿಸಿತು.

ಸ್ಟ್ರಿಕ್ನಿನ್ನಿನ ಕವಲಿಗೆ ಮೊದಲಿನಿಂದ ಕೊನೆಯವರೆಗೆ 12 ಹಂತ. ಫಲ ಶೇಕಡಾ 6.4. ಹಿಂದಿನ ಲೆಕ್ಕದಲ್ಲಿ ಹೇಳುವುದಾದರೆ, ಕೋಟಿ ಅಣುಗಳು ಹೊರಟು ಗುಡಿ ತಲಪಿದವು ಆರು ಲಕ್ಷದ ನಲವತ್ತು ಸಾವಿರ.

ಸ್ಟ್ರಿಕ್ನಿನ್ನಿನ ಹೊರತು ಮಿಕ್ಕ ಐದರ ಹೆಸರನ್ನು ಸಾಮಾನ್ಯರು ಕೇಳಿರಲಾರರು. ಸ್ಟ್ರಿಕ್ನಿನ್ನಾದರೂ ಯಾರಿಗೆ ಬೇಕು? ಕಾಸರಕನ ಬೀಜದಲ್ಲಿ ಅದು ಧಾರಾಳವಾಗಿಯೇ ಸಿಗುತ್ತದೆ. ಹಾಗಾದರೆ ಇದು ಪಂಡಿತರ ಆಟವೇ? ಸ್ವಲ್ಪಮಟ್ಟಿಗೆ ಅಹುದು, ಆಟವೆಂದು ಒಪ್ಪಿಕೊಳ್ಳುವುದರಲ್ಲಿ ನಾಚಿಕೆಯೇನೂ ಇಲ್ಲ. ಆದರೆ ಆಟದಲ್ಲಿ ಪಳಗಿದ ಕೈಯೇ ಮದ್ದಿಗೂ ಬರುತ್ತದೆ. ಗಿಡವೊಂದರಲ್ಲಿ ಒಂದು ಹೊಸ ವಸ್ತು ಕಾಣಿಸಿತೆಂದುಕೊಳ್ಳಿ. ಅದು ಇದ್ದಂತೆಯೇ ಮದ್ದಾಗುವುದು ಅಪರೂಪ. ವಿಷದ ಅಂಶ ಹೆಚ್ಚಿರುತ್ತದೆ, ಇಲ್ಲವೇ ದೇಹದಲ್ಲಿ ನಿಲ್ಲದೆ ಹೊರಟುಹೋಗುತ್ತದೆ. ಅದರ ಹತ್ತಾರು ಸೋದರರನ್ನೂ, ಪ್ರಕೃತಿ ಕಾಣದ ಮಲಸೋದರರನ್ನೂ ಮಾಡಿ ನೋಡಬೇಕು. ಒಂದೊಂದಕ್ಕೂ ಪ್ರತ್ಯೇಕವಾಗಿ 12 ಹಂತ ಹತ್ತಿದರೆ ಆರಕ್ಕೆ 72 ಆಗುತ್ತದೆ. ಮೊದಲ ಏಳು ಹಂತ ಎಲ್ಲಕ್ಕೂ ಸಾಮಾನ್ಯವಾಗಿದ್ದು ಕೊನೆಯ ಐದು ಮಾತ್ರ ಬೇರೆಯಾದರೆ 37ರಲ್ಲಿ ಮುಗಿಯಿತು. ಅರವತ್ತು ಸೋದರರು ಬೇಕಾದಾಗ ಈ ಉಳಿತಾಯ ಎಷ್ಟೆಂಬುದನ್ನು ಗಣಿತ ಬಲ್ಲ ಮಕ್ಕಳು ಹೇಳಿಯಾರು.

ಕಷ್ಟವಿರುವುದು ಕವಲನ್ನು ಎಲ್ಲಿ ಇಡಬೇಕೆಂಬುದರಲ್ಲಿ. ಇಲ್ಲಿ ಮತ್ತೆ ಅಡಿಗೆಮನೆಯ ನೆನಪಾಗುತ್ತದೆ. ಬರಿಯ ಅಕ್ಕಿ ಉದ್ದಿನ ಹಂತದಲ್ಲಿ ಕವಲೊಡೆದರೆ ರುಬ್ಬುವ ಶ್ರಮ ಉಳಿಯಲಿಲ್ಲ. ಹಿಟ್ಟಿಗೆ ಈರುಳ್ಳಿ, ಹಸಿಮೆಣಸಿನಕಾಯಿ, ಒಗ್ಗರಣೆ ಬಿದ್ದ ಮೇಲೆ ಅದರಿಂದ ಪಡ್ಡು ಆದೀತೇ ಹೊರತು ಇಡ್ಲಿ ಆಗದು. ಮಧ್ಯವಸ್ತುವು ಸಾಕಷ್ಟು ಮುಂದುವರಿದಿರಬೇಕು, ಆದರೆ ಇನ್ನೂ ಯಾವುದಕ್ಕೂ ಕಟ್ಟುಬಿದ್ದಿರಬಾರದು. ಅಂಥದನ್ನು ಕಾಗದದ ಮೇಲೆ ಗುರುತಿಸಲು ತಿಂಗಳುಗಳು ಬೇಕು. ಗುರುತಿಸಿದ ಮೇಲೆ ಆರು ಕವಲುಗಳಲ್ಲಿ ನಾಲ್ಕು ಮುಂದುವರಿದು ಎರಡು ಹಟಹಿಡಿದು ನಿಲ್ಲುವುದೂ ಉಂಟು. ಒಂದೇ ಗುರಿಯವನು ಅಡ್ಡಿ ಬಂದರೆ ದಾರಿ ಬದಲಿಸಬಲ್ಲ. ಬುಡವನ್ನು ಆರಕ್ಕೂ ಒಪ್ಪಿಸಿಕೊಂಡವನಿಗೆ ಆ ಸ್ವಾತಂತ್ರ್ಯವಿಲ್ಲ.

ಇನ್ನೂ ಗೆಲ್ಲದ ಕೋಟೆಗಳೂ ಇವೆ. ಸದಾಪುಷ್ಪದ ವಿನ್‌ಬ್ಲಾಸ್ಟಿನ್ನನ್ನು ಪ್ರಯೋಗಶಾಲೆಯಲ್ಲಿ ಕಟ್ಟಿದವರಿದ್ದಾರೆ. ಆದರೂ ಆಸ್ಪತ್ರೆಗೆ ಬರುವ ಮದ್ದಿಗೆ ಮೂಲ ಎಲೆಯೇ. ಒಂದು ಗ್ರಾಂ ಮದ್ದಿಗೆ ಸುಮಾರು 500 ಕಿಲೋಗ್ರಾಂ ಒಣಗಿದ ಎಲೆ ಬೇಕು! ಇದೇ ಮೂಲಪುರುಷನ ಇನ್ನೊಂದು ಸಂತಾನ ಕ್ಯಾಂಪ್ಟೊಥೆಸಿನ್. ಕ್ಯಾನ್ಸರಿನ ಮದ್ದುಗಳಿಗೆ ಆಧಾರವಾದ ಈ ವಸ್ತು ಪಶ್ಚಿಮ ಘಟ್ಟದ ದುರ್ವಾಸನೆ ಮರದಲ್ಲಿದೆಯೆಂದು ತಿಳಿದದ್ದೇ ತಡ, ಮರಗಳಿಗೆ ಕೊಡಲಿ ಬಿತ್ತು. ಎಷ್ಟೋ ಕಡೆ ಅದು ವಿರಳವಾಗಿಹೋಗಿದೆ. ಸದಾಪುಷ್ಪವನ್ನಾದರೆ ಹೊಲದಲ್ಲಿ ಬಿತ್ತಿ ಬೆಳೆಯಬಹುದು, ಘಟ್ಟದ ಮರದ ಮಾತು ಹಾಗಲ್ಲ. 2022ರಲ್ಲಿ ಡೆನ್ಮಾರ್ಕ್ ಮತ್ತು ಅಮೆರಿಕದ ಸಂಶೋಧಕರು ಬ್ರೆಡ್ಡಿಗೆ ಹಾಕುವ ಯೀಸ್ಟಿನೊಳಗೆ ಸದಾಪುಷ್ಪದ ಕಿಣ್ವಗಳನ್ನು ಕೂರಿಸಿ, ಸ್ಟ್ರಿಕ್ಟೊಸಿಡಿನ್ನಿನ ಕವಲನ್ನು ಹಾದು, ವಿನ್‌ಬ್ಲಾಸ್ಟಿನ್ನಿನ ಎರಡು ಅರ್ಧಗಳನ್ನು ತಯಾರಿಸಿ, ಅನಂತರ ಅವನ್ನು ರಾಸಾಯನಿಕವಾಗಿ ಜೋಡಿಸಿದರು. ಪ್ರಮಾಣ ಇನ್ನೂ ಅತ್ಯಲ್ಪ. ಆದರೆ ಮಾಡಿದ್ದು ಬೀರು ಕಾಸುವವನ ಹಂಡೆಯಂಥದರಲ್ಲಿ.

ಅದೇ 2022ರಲ್ಲಿ, ಸ್ಟ್ರಿಕ್ನಿನ್ ಹರಳಾಗಿ ದೊರೆತು ಇನ್ನೂರ ನಾಲ್ಕು ವರ್ಷಗಳ ತರುವಾಯ, ಕಾಸರಕನ ಮರ ಅದನ್ನು ಹೇಗೆ ಮಾಡುತ್ತದೆಂಬುದು ಬಯಲಾಯಿತು. ಜರ್ಮನಿಯ ಯೇನಾ ಪಟ್ಟಣದ ಮಾಕ್ಸ್ ಪ್ಲಾಂಕ್ ಸಂಸ್ಥೆಯಲ್ಲಿ ಸಾರಾ ಒ’ಕಾನರ್ ಎಂಬ ವಿದುಷಿಯ ತಂಡ ಕಾಸರಕವನ್ನು ಅದರದೇ ಕುಲದ ಇನ್ನೊಂದು ಗಿಡದೊಡನೆ ಹೋಲಿಸಿ ನೋಡಿತು. ಆ ಇನ್ನೊಂದು ಗಿಡ ಸ್ಟ್ರಿಕ್ನಿನ್ನನ್ನು ಮಾಡುವುದಿಲ್ಲ. ಡಯಬೊಲಿನ್ ಎಂಬ ಬೇರೆ ವಸ್ತುವನ್ನು ಮಾಡುತ್ತದೆ. ಎರಡೂ ಬಹುದೂರ ಒಂದೇ ದಾರಿಯಲ್ಲಿ ನಡೆದುಬಂದು, ಕಡೆಯಲ್ಲಿ ಒಂದು ಕಿಣ್ವದ ಬಳಿ ಅಗಲುತ್ತವೆ. ಆ ಕಿಣ್ವ ಒಂದು ಗಿಡದಲ್ಲಿ ಎರಡು ಇಂಗಾಲದ ತುಣುಕನ್ನು ಅಂಟಿಸುತ್ತದೆ, ಡಯಬೊಲಿನ್ ಆಗುತ್ತದೆ. ಕಾಸರಕದಲ್ಲಿ ಮೂರು ಇಂಗಾಲದ ತುಣುಕನ್ನು ಅಂಟಿಸುತ್ತದೆ, ಕೊಲ್ಲುವ ವಿಷಕ್ಕೆ ದಾರಿ ತೆರೆಯುತ್ತದೆ. ಬೇಕಾದ ಕಿಣ್ವಗಳನ್ನೆಲ್ಲ ಹೊಗೆಸೊಪ್ಪಿನ ಜಾತಿಯ ಒಂದು ಗಿಡಕ್ಕೆ ಸಾಗಿಸಿದಾಗ ಅದರ ಎಲೆಯಲ್ಲಿಯೂ ಸ್ಟ್ರಿಕ್ನಿನ್ ಹುಟ್ಟಿತು.

ಕೊನೆಯ ಹಂತಕ್ಕೆ ಮಾತ್ರ ಯಾವ ಕಿಣ್ವವೂ ಸಿಗಲಿಲ್ಲ. ಹುಡುಕಿ ಹುಡುಕಿ ಕಂಡುಕೊಂಡದ್ದೇನೆಂದರೆ ಅದಕ್ಕೆ ಕಿಣ್ವವೇ ಬೇಕಾಗಿಲ್ಲ. ಆ ಅಣುವನ್ನು ಅದರ ಪಾಡಿಗೆ ಬಿಟ್ಟರೆ ಸ್ವಲ್ಪ ಸ್ವಲ್ಪವಾಗಿ ತಾನೇ ಮಡಿಚಿಕೊಂಡು, ಏಳನೆಯ ಉಂಗುರವನ್ನು ತಾನೇ ಮುಚ್ಚಿಕೊಳ್ಳುತ್ತದೆ.